ಕಾಗದ ಒಬ್ಬರದು, ಮಾತು ಇನ್ನೊಬ್ಬರದು

ನಟನ ಕಲೆ ಎಷ್ಟು ದೊಡ್ಡದೋ ಅದರ ಆಯುಸ್ಸು ಅಷ್ಟೇ ಚಿಕ್ಕದು. ಶಿಲ್ಪಿ ಹೋದ ಮೇಲೆ ಶಿಲ್ಪ ಉಳಿಯುತ್ತದೆ. ಕವಿ ಹೋದ ಮೇಲೆ ಕಾವ್ಯ ಉಳಿಯುತ್ತದೆ. ನಟನಾದರೋ ಪರದೆ ಬಿದ್ದೊಡನೆ ತನ್ನ ಕೃತಿಯನ್ನು ತನ್ನ ಜೊತೆಯಲ್ಲೇ ಒಯ್ದುಬಿಡುತ್ತಾನೆ. ಚಲನಚಿತ್ರವೂ ಧ್ವನಿಮುದ್ರಣವೂ ಬರುವುದಕ್ಕೆ ಮುಂಚಿನ ರಂಗಭೂಮಿಯ ವಿಷಯದಲ್ಲಂತೂ ಇದು ಪೂರ್ತಿ ಸತ್ಯ. ಆ ಕಾಲದ ಮಹಾನಟರಿಂದ ನಮಗೆ ಉಳಿದಿರುವುದೇನು? ನೋಡಿದವರು ಬರೆದಿಟ್ಟ ನೆನಪು, ಪತ್ರಿಕೆಯ ನಾಲ್ಕು ಸಾಲಿನ ವಿಮರ್ಶೆ, ಒಂದೆರಡು ಚಿತ್ರಪಟ. ಮತ್ತು, ಅದೃಷ್ಟವಿದ್ದರೆ, ಅವರು ತಮ್ಮ ಕೈಯಾರೆ ಬರೆದ ಕೆಲವು ಕಾಗದಗಳು. ಈ ಕಾಗದಗಳನ್ನು ಹುಡುಕಿ, ಕೊಂಡು, ಕಾಪಾಡಿಕೊಂಡು ಬಂದವರ ಚರಿತ್ರೆಯನ್ನು ಕುರಿತು ಇಂದು ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಹೆಸರಾಂತ ನಟನಟಿಯರ ಸಹಿ ಪಡೆಯುವ ಹವ್ಯಾಸ ಎಲ್ಲರಿಗೂ ತಿಳಿದದ್ದೇ. ಆದರೆ ಸಹಿಯ ಸಂಗ್ರಹ ಬೇರೆ, ಪತ್ರದ ಸಂಗ್ರಹ ಬೇರೆ. ಸಹಿಯನ್ನು ಕೇಳಿದವರಿಗೆಲ್ಲ ಕೊಡಬಹುದು. ಪತ್ರವನ್ನು ಬರೆಯುವುದು ಒಬ್ಬರಿಗೆ. ಇಂಗ್ಲೆಂಡ್ ಅಮೆರಿಕಗಳ ಹಸ್ತಾಕ್ಷರ ವ್ಯಾಪಾರಿಗಳು ಹೊರಡಿಸುವ ಪಟ್ಟಿಗಳಲ್ಲಿ ಈ ಭೇದವನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಪತ್ರದ ಒಡಲೂ ಸಹಿಯೂ ಸ್ವಂತ ಕೈಬರಹದಲ್ಲಿದ್ದರೆ ಅದಕ್ಕೆ ‘ಎ.ಎಲ್.ಎಸ್.’ ಎಂಬ ಗುರುತು. ಬೆರಳಚ್ಚು ಮಾಡಿಸಿ ಸಹಿ ಮಾತ್ರ ತಾವು ಹಾಕಿದ್ದರೆ ‘ಟಿ.ಎಲ್.ಎಸ್.’ ಎಂಬ ಗುರುತು. ಸಾಮಾನ್ಯವಾಗಿ ಮೊದಲನೆಯದಕ್ಕೆ ಬೆಲೆ ಹೆಚ್ಚು. ಇದಕ್ಕೆ ಕಾರಣವುಂಟು. ಜೀವಮಾನವೆಲ್ಲ ಪರರ ಮಾತನ್ನು ಆಡುವುದೇ ನಟನ ವೃತ್ತಿ. ಒಂದು ರಾತ್ರಿ ಷೇಕ್ಸ್‌ಪಿಯರನ ಮಾತು, ಮರುರಾತ್ರಿ ಷೆರಿಡನ್ನನ ಮಾತು. ದೀಪ ಆರಿದ ಮೇಲೆ, ಬಣ್ಣ ತೊಳೆದ ಮೇಲೆ, ಮೇಜಿನ ಮುಂದೆ ಕುಳಿತು ಬರೆದ ಕಾಗದದಲ್ಲಿ ಮಾತ್ರ ಆಡುವ ಮಾತು ತನ್ನದು. ಸಂಗ್ರಾಹಕ ಹುಡುಕುವುದು ಆ ಸ್ವಂತ ಮಾತನ್ನು.

ಇಂಗ್ಲಿಷ್ ರಂಗಭೂಮಿಯಲ್ಲಿ ಈ ಬಗೆಯ ಸಂಗ್ರಹಕ್ಕೆ ದೊಡ್ಡ ತಳಹದಿ ಹಾಕಿದವನು ನಟನೇ ಆದ ಡೇವಿಡ್ ಗ್ಯಾರಿಕ್. ಈತ 1747ರಿಂದ 1776ರವರೆಗೆ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರವನ್ನು ನಡೆಸಿದವನು. ಬಂದ ಪತ್ರಗಳನ್ನು ಇಟ್ಟುಕೊಳ್ಳುವುದಲ್ಲದೆ ತಾನು ಬರೆದ ಎಷ್ಟೋ ಪತ್ರಗಳ ಕರಡನ್ನೂ ಪ್ರತಿಯನ್ನೂ ಈತ ಜೋಪಾನ ಮಾಡಿದ. 1779ರಲ್ಲಿ ತೀರಿಕೊಂಡ. ಸುಮಾರು ಅರ್ಧ ಶತಮಾನ ಕಳೆದ ಮೇಲೆ, 1831-32ರಲ್ಲಿ, ಅವನ ಪತ್ರವ್ಯವಹಾರ ಎರಡು ದೊಡ್ಡ ಸಂಪುಟಗಳಾಗಿ ಹೊರಬಂತು. ಡಿಕನ್ಸನ ಮಿತ್ರನೂ ಜೀವನಚರಿತ್ರಕಾರನೂ ಆದ ಜಾನ್ ಫಾರ್ಸ್ಟರ್ ಸಂಗ್ರಹಿಸಿಟ್ಟಿದ್ದ ಗ್ಯಾರಿಕ್‌ನ ಕಾಗದಪತ್ರಗಳು, 1876ರಲ್ಲಿ ಅವನು ತೀರಿಕೊಂಡ ಬಳಿಕ, ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಎನಿಸಿಕೊಂಡಿರುವ ಸಂಸ್ಥೆಯನ್ನು ಸೇರಿದವು. 1963ರಲ್ಲಿ ಗ್ಯಾರಿಕ್ ಬರೆದ ಪತ್ರಗಳ ವಿದ್ವತ್‌ಪೂರ್ಣ ಆವೃತ್ತಿ ಮೂರು ಸಂಪುಟಗಳಲ್ಲಿ ಸಿದ್ಧವಾಯಿತು. ಅದರಲ್ಲಿರುವ ಪತ್ರಗಳ ಸಂಖ್ಯೆ 1,300ಕ್ಕೂ ಹೆಚ್ಚು. ಅವನ ಕಂಠವನ್ನು ನಾವು ಕೇಳಲಾರೆವು. ಆದರೆ ನಟರ ಸಂಬಳದ ಜಗಳದಲ್ಲಿ, ಹೊಸ ನಾಟಕಕಾರನಿಗೆ ಬರೆದ ನಿರಾಕರಣೆಯಲ್ಲಿ ಅವನ ಸ್ವಭಾವವನ್ನು ಇಂದಿಗೂ ಕಾಣಬಹುದು.

ಗ್ಯಾರಿಕ್‌ನ ಕಾಲದಲ್ಲೇ ಒಂದು ತೊಡಕಿನ ಪ್ರಶ್ನೆಯೂ ಎದ್ದಿತ್ತು. ಪತ್ರ ಯಾರ ಸೊತ್ತು? ಬರೆದವನದೋ, ಪಡೆದವನದೋ? 1741ರಲ್ಲಿ ಕವಿ ಅಲೆಗ್ಸಾಂಡರ್ ಪೋಪ್, ತನ್ನ ಪತ್ರಗಳನ್ನು ಅಪ್ಪಣೆಯಿಲ್ಲದೆ ಅಚ್ಚು ಹಾಕಿದ ಎಡ್ಮಂಡ್ ಕರ್ಲ್ ಎಂಬ ಪುಸ್ತಕ ವ್ಯಾಪಾರಿಯ ಮೇಲೆ ದಾವೆ ಹೂಡಿದ. ನ್ಯಾಯಾಧಿಪತಿ ಲಾರ್ಡ್ ಹಾರ್ಡ್‌ವಿಕ್ ಕೊಟ್ಟ ತೀರ್ಪಿನ ಸಾರ ಇಷ್ಟು: ಪತ್ರವನ್ನು ಪಡೆದವನಿಗೆ ಆ ಹಾಳೆಯ ಮೇಲೆ ಹಕ್ಕುಂಟು, ಅದರಲ್ಲಿರುವ ಮಾತನ್ನು ಲೋಕಕ್ಕೆ ಪ್ರಕಟಿಸುವ ಹಕ್ಕು ಅದರಿಂದ ಬರುವುದಿಲ್ಲ. ಈ ವಿವೇಕದ ಗೆರೆ ಇಂದಿಗೂ ಅಳಿಸಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನದ ಪ್ರಕಾರವೂ ಪತ್ರದ ಮಾತಿನ ಹಕ್ಕು ಬರೆದವರದು. ಅವರ ಕಾಲಾನಂತರ ಅವರ ವಾರಸುದಾರರದು. ಅಂದರೆ ಪ್ರತಿಯೊಂದು ಪತ್ರಕ್ಕೂ ಇಬ್ಬರು ಒಡೆಯರು. ಹರಾಜಿನಲ್ಲಿ ಅದನ್ನು ಕೊಳ್ಳುವ ಸಂಗ್ರಾಹಕ ಮೂರನೆಯವನು; ಅವನ ಕೈಗೆ ಬರುವುದು ಹಾಳೆ ಮಾತ್ರ. ಇಬ್ಬರ ನಡುವಣ ಗುಟ್ಟಿನ ಎದುರು ಈ ಮೂರನೆಯವನ ಧರ್ಮವೇನು? ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯನ್ನು ಸುತ್ತಿಕೊಂಡಿದೆ. ಬರ್ನಾರ್ಡ್ ಷಾ ಇಬ್ಬರು ನಟಿಯರಿಗೆ ಬರೆದ ಪತ್ರಗಳ ಕಥೆಯಲ್ಲಿ ಈ ಪ್ರಶ್ನೆ ಜೀವಂತವಾಗಿ ಎದ್ದು ನಿಲ್ಲುತ್ತದೆ.

ಮೊದಲನೆಯವಳು ಎಲೆನ್ ಟೆರಿ. 1878ರಿಂದ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಹೆನ್ರಿ ಅರ್ವಿಂಗ್‌ನ ಜೊತೆ ನಾಯಕಿಯಾಗಿ ಮೆರೆದವಳು. 1892ರಲ್ಲಿ ತನ್ನ ಪರಿಚಯದ ಗಾಯಕಿಯೊಬ್ಬಳ ಯೋಗ್ಯತೆಯ ವಿಷಯ ವಿಚಾರಿಸಿ ಆಕೆ ಬರೆದ ಕಾಗದ ಸಂಗೀತ ವಿಮರ್ಶಕನಾಗಿದ್ದ ಷಾನ ಕೈಸೇರಿತು. ಹಾಗೆ ಆರಂಭವಾದದ್ದು ಮುಂದೆ ಇಂಗ್ಲಿಷಿನ ಅತ್ಯಂತ ಸೊಗಸಾದ ಪತ್ರಮಾಲೆಗಳಲ್ಲಿ ಒಂದಾಯಿತು. 1895ರ ಬಳಿಕ ಕೆಲವು ವರ್ಷ ಕಾಗದಗಳು ದಟ್ಟವಾಗಿ ಹರಿದವು. ಇಬ್ಬರೂ ಒಂದೇ ಊರಿನಲ್ಲಿದ್ದವರು. ಆಕೆ ರಂಗದ ಮೇಲೆ, ಆತ ವಿಮರ್ಶಕರ ಆಸನದಲ್ಲಿ. ಆದರೂ ಮುಖಾಮುಖಿ ಭೇಟಿಯನ್ನು ಬೇಕೆಂದೇ ಮುಂದೂಡುತ್ತ ಹೋದರು. ಕಾಗದದ ಮೇಲೆ ಹುಟ್ಟಿದ ಸ್ನೇಹ ಬೆಳಕಿಗೆ ಬಂದರೆ ಬಾಡೀತೆಂಬ ಅಂಜಿಕೆ ಇಬ್ಬರಿಗೂ ಇದ್ದಂತೆ ತೋರುತ್ತದೆ. ಅವರು ಎದುರುಬದುರಾಗಿ ಮಾತಾಡಿದ್ದು 1900ರಲ್ಲಿ, ಷಾ ಅವಳಿಗಾಗಿಯೇ ಬರೆದ ‘ಕ್ಯಾಪ್ಟನ್ ಬ್ರಾಸ್‌ಬೌಂಡ್ಸ್ ಕನ್ವರ್ಷನ್’ ನಾಟಕದ ಪ್ರಯೋಗದ ಸಮಯದಲ್ಲಿ. ಆ ಪಾತ್ರವನ್ನು ಆಕೆ ಸ್ವತಃ ಧರಿಸಿದ್ದು 1906ರಲ್ಲಿ.

ಈ ಪತ್ರಗಳಲ್ಲಿ ಸರಸವುಂಟು, ವಿರಸವುಂಟು, ವೃತ್ತಿಯ ರಾಜಕೀಯವುಂಟು. ತನ್ನ ಏಕಾಂಕವನ್ನು ಅರ್ವಿಂಗ್ ಆಡಿಸದೆ ಮೂಲೆಗಿಟ್ಟನೆಂಬ ಷಾನ ಕೋಪವಿದೆ. ಇಬ್ಬರು ಗಂಡಸರ ಅಭಿಮಾನದ ನಡುವೆ ಸಿಕ್ಕಿದ ಹೆಣ್ಣಿನ ಜಾಣ್ಮೆಯಿದೆ. ಷಾ 1898ರಲ್ಲಿ ಷಾರ್ಲಟ್ಟಳನ್ನು ಮದುವೆಯಾಗುವ ಮುನ್ನ ಟೆರಿ ಕೊಟ್ಟ ಹಿರಿಯಕ್ಕನಂಥ ಬುದ್ಧಿವಾದವೂ ಇದೆ. ಪುಸ್ತಕ ತೆರೆದವರು ಷಾನ ಚಮತ್ಕಾರವನ್ನು ಅರಸಿ ಹೋಗುತ್ತಾರೆ. ಮುಚ್ಚುವಾಗ ಅವರ ಮನಸ್ಸಿನಲ್ಲಿ ನಿಲ್ಲುವವಳು ಟೆರಿ. ಶಾಲೆಯ ಕಲಿಕೆ ಹೆಚ್ಚಾಗಿಲ್ಲದೆ, ಬಾಲ್ಯದಿಂದ ರಂಗದ ಮೇಲೆಯೇ ಬೆಳೆದ ಈ ಹೆಣ್ಣು ಅಂಥ ಮಾತುಗಾರನಿಗೆ ಸರಿಸಮನಾಗಿ ಬರೆಯಬಲ್ಲಳೆಂಬುದು ಪತ್ರಗಳು ಉಳಿಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಟೆರಿ ತೀರಿಕೊಂಡದ್ದು 1928ರಲ್ಲಿ. ಕೆಂಟ್ ಪ್ರಾಂತದ ಸ್ಮಾಲ್‌ಹೈದ್‌ನಲ್ಲಿದ್ದ ಆಕೆಯ ಮನೆಯನ್ನು ಮಗಳು ಎಡಿತ್ ಕ್ರೇಗ್ ಸ್ಮಾರಕವನ್ನಾಗಿ ಉಳಿಸಲು ಮುಂದಾದಳು. ಪತ್ರಗಳನ್ನು ಪ್ರಕಟಿಸುವ ಪ್ರಶ್ನೆ ಆಗ ಬಂತು. ಮೊದಲು ಹಿಂಜರಿದ ಷಾ ಕಡೆಗೆ ಒಪ್ಪಿ, 1931ರಲ್ಲಿ ಹೊರಬಂದ ಸಂಪುಟಕ್ಕೆ ತಾನೇ ಮುನ್ನುಡಿಯನ್ನೂ ಬರೆದ. ಆದರೆ ಟೆರಿಯ ಮಗ, ಲೋಕಪ್ರಸಿದ್ಧ ರಂಗವಿನ್ಯಾಸಕ ಗಾರ್ಡನ್ ಕ್ರೇಗ್, ಕೆರಳಿದ. ಅದೇ ವರ್ಷ ತಾಯಿಯನ್ನು ಕುರಿತು ತಾನೊಂದು ಪುಸ್ತಕ ಬರೆದು, ಅದರ ಜೊತೆಗೆ ಷಾನ ಮೇಲೆ ಒಂದು ಕಿರುಹೊತ್ತಗೆಯನ್ನೂ ಸೇರಿಸಿದ. ಒಂದೇ ತಾಯಿಯ ಇಬ್ಬರು ಮಕ್ಕಳು: ಒಬ್ಬಳಿಗೆ ಪತ್ರ ಬೆಳಕಿಗೆ ಬಂದರೆ ತಾಯಿಗೆ ಗೌರವ, ಇನ್ನೊಬ್ಬನಿಗೆ ಅದು ತಾಯಿಯ ಖಾಸಗಿ ಕೋಣೆಯ ಬಾಗಿಲು ಮುರಿದಂತೆ. ಇಬ್ಬರಲ್ಲಿ ಯಾರು ಸರಿ? ಓದುಗನಾಗಿ ನಾನು ಮಗಳ ಪಕ್ಷ. ಮನೆಯಲ್ಲಿ ಹಿರಿಯರ ಕಾಗದ ಇಟ್ಟುಕೊಂಡವನಾಗಿ ಮಗನ ಸಂಕಟವೂ ನನಗೆ ಅರ್ಥವಾಗುತ್ತದೆ.

ಎರಡನೆಯ ನಟಿಯ ಕಥೆ ಇದಕ್ಕಿಂತ ಕರುಣಾಜನಕ. ಮಿಸೆಸ್ ಪ್ಯಾಟ್ರಿಕ್ ಕ್ಯಾಂಬೆಲ್ ಎಂದು ರಂಗದ ಮೇಲೆ ಹೆಸರಾದ ಸ್ಟೆಲ್ಲಾ 1893ರಲ್ಲಿ ಒಂದೇ ಪಾತ್ರದಿಂದ ಲಂಡನ್ನನ್ನು ಗೆದ್ದವಳು. ‘ಪಿಗ್ಮೇಲಿಯನ್’ ನಾಟಕದ ಹೂ ಮಾರುವ ಹುಡುಗಿಯ ಪಾತ್ರವನ್ನು ಷಾ ರಚಿಸಿದ್ದು ಇವಳನ್ನು ಮನಸ್ಸಿನಲ್ಲಿಟ್ಟುಕೊಂಡು. 1912ರಲ್ಲಿ ನಾಟಕವನ್ನು ಅವಳಿಗೆ ಓದಿ ಹೇಳಲು ಹೋದವನು ಸ್ವತಃ ಮನಸೋತ. ಆಗ ಅವನಿಗೆ ಐವತ್ತಾರು ವರ್ಷ, ಮದುವೆಯಾದವನು. ಪತ್ರದ ಮೇಲೆ ಪತ್ರ ಹೋಯಿತು. 1914ರ ಏಪ್ರಿಲ್ 11ರಂದು ಆ ನಾಟಕ ಲಂಡನ್ನಿನಲ್ಲಿ ಪ್ರದರ್ಶನಗೊಂಡಾಗ ಅವಳಿಗೆ ನಲವತ್ತೊಂಬತ್ತು. ಅದಕ್ಕೆ ಐದು ದಿನ ಮುಂಚೆ ಅವಳು ಬೇರೊಬ್ಬನನ್ನು ಮದುವೆಯಾಗಿದ್ದಳು. ಸ್ನೇಹ ಮುರಿದರೂ ಪತ್ರ ನಿಲ್ಲಲಿಲ್ಲ.

ಕಾಲ ತಿರುಗಿತು. ಯುದ್ಧದಲ್ಲಿ ಮಗ ಸತ್ತ. ಮದುವೆ ಕೂಡಿಬರಲಿಲ್ಲ. ವಯಸ್ಸಾದ ನಟಿಗೆ ಪಾತ್ರಗಳು ಕಡಿಮೆಯಾದವು. ಅವಳ ಬಳಿ ಉಳಿದ ಸಿರಿಯೆಂದರೆ ಷಾನ ಕಾಗದಗಳು. 1922ರಲ್ಲಿ ಆತ್ಮಕಥೆ ಬರೆದಾಗ ಕೆಲವನ್ನು ಅದರಲ್ಲಿ ಸೇರಿಸಿದಳು. ಷಾ ಅಲ್ಲಲ್ಲಿ ಕತ್ತರಿ ಹಾಕಿ ಒಪ್ಪಿದ. ಮುಂದೆ ಬಡತನ ಗಟ್ಟಿಯಾದಂತೆ ಎಲ್ಲವನ್ನೂ ಪ್ರಕಟಿಸುವ ಅವಳ ಆಸೆಗೆ ಆತ ಅಡ್ಡ ನಿಂತ. ತನ್ನ ಹೆಂಡತಿ ಬದುಕಿರುವವರೆಗೆ ಅವು ಬೆಳಕು ಕಾಣಕೂಡದೆಂಬುದು ಅವನ ಹಟ. ಹಾಳೆ ಅವಳದು, ಮಾತು ಅವನದು. 1741ರ ತೀರ್ಪು ಒಬ್ಬ ವೃದ್ಧೆಯ ಊಟದ ತಟ್ಟೆಯ ಮುಂದೆ ಬಂದು ಕುಳಿತಂತಾಯಿತು. ಷಾನದು ಕ್ರೌರ್ಯವೆಂದು ಹೇಳುವುದು ಸುಲಭ. ಆದರೆ ಷಾರ್ಲಟ್ಟಳ ಕಡೆಯಿಂದ ನೋಡಿದರೆ ಆ ನಿರಾಕರಣೆಯೇ ಧರ್ಮವಾಗಿ ಕಾಣುತ್ತದೆ. ಪತ್ರ ಬರೆದವನಿಗೂ ಪಡೆದವಳಿಗೂ ಹೊರತಾಗಿ, ಅದರಿಂದ ನೋಯಬಹುದಾದ ಇನ್ನೊಂದು ಜೀವವೂ ಇರುತ್ತದೆಂಬುದನ್ನು ಕಾನೂನು ಲೆಕ್ಕಕ್ಕೆ ಹಿಡಿಯದಿದ್ದರೂ ಮನುಷ್ಯರು ಹಿಡಿಯಬೇಕಾಗುತ್ತದೆ.

ಸ್ಟೆಲ್ಲಾಳ ಬಾಳಿನ ಕೊನೆಯ ಭಾಗ ಫ್ರಾನ್ಸಿನಲ್ಲಿ ಕಳೆಯಿತು. ಇಂಗ್ಲೆಂಡಿಗೆ ಮರಳಬೇಕಾದರೆ ಅಲ್ಲಿಯ ಕಾಯಿದೆಯಂತೆ ತನ್ನ ಪುಟ್ಟ ನಾಯಿಯನ್ನು ತಿಂಗಳುಗಟ್ಟಲೆ ಪ್ರತ್ಯೇಕವಾಗಿಡಬೇಕಾಗಿತ್ತು. ಅದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. 1940ರ ಏಪ್ರಿಲ್‌ನಲ್ಲಿ, ಪೋ ಎಂಬ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದ ಸ್ಥಿತಿಯಲ್ಲಿ ತೀರಿಕೊಂಡಳು. 1943ರಲ್ಲಿ ಷಾರ್ಲಟ್, 1950ರಲ್ಲಿ ಷಾ. ಎಲ್ಲರೂ ಹೋದ ಮೇಲೆ 1952ರಲ್ಲಿ ಆ ಪತ್ರವ್ಯವಹಾರ ಪುಸ್ತಕವಾಗಿ ಬಂತು. ಅದನ್ನು ಆಧರಿಸಿ ಜೆರೋಮ್ ಕಿಲ್ಟಿ ಎಂಬಾತ ಹೆಣೆದ ‘ಡಿಯರ್ ಲಯರ್’ ಎಂಬ ಎರಡೇ ಪಾತ್ರಗಳ ನಾಟಕ 1960ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಏರಿತು. ನಮ್ಮ ದೇಶದಲ್ಲಿಯೂ ನಾಸಿರುದ್ದೀನ್ ಷಾ ಮತ್ತು ರತ್ನಾ ಪಾಠಕ್ ಅದನ್ನು ಆಡಿ ತೋರಿಸಿದ್ದಾರೆ. ಬದುಕಿದ್ದಾಗ ಅವಳಿಗೆ ಅನ್ನ ಕೊಡದ ಕಾಗದ ಹೀಗೆ ಅನ್ಯರಿಗೆ ರಂಗಕೃತಿಯಾಯಿತು. ಜೀವಮಾನವೆಲ್ಲ ಪರರ ಮಾತನ್ನು ಆಡಿದ ನಟಿಯ ಸ್ವಂತ ಮಾತನ್ನು ಈಗ ಬೇರೆ ನಟಿಯರು ಕಂಠಪಾಠ ಮಾಡಿ ಆಡುತ್ತಾರೆ.

ರಂಗಭೂಮಿಯಿಂದ ಚಲನಚಿತ್ರದ ಯುಗಕ್ಕೆ ಬಂದರೆ ಕೀರ್ತಿಯ ಪ್ರಮಾಣ ಬೆಳೆಯುತ್ತದೆ; ಗುಟ್ಟಿನ ಬೆಲೆಯೂ ಅದರ ಜೊತೆ ಏರುತ್ತದೆ. ಸ್ವೀಡನ್ನಿನಲ್ಲಿ ಹುಟ್ಟಿ ಹಾಲಿವುಡ್ಡಿನ ರಾಣಿಯಾದ ಗ್ರೇಟಾ ಗಾರ್ಬೊ 1941ರಲ್ಲಿ, ಮೂವತ್ತಾರರ ಹರೆಯದಲ್ಲಿ, ಚಿತ್ರರಂಗದಿಂದ ಹಿಂದೆ ಸರಿದಳು. ಆಮೇಲೆ ಸುಮಾರು ಐವತ್ತು ವರ್ಷ ಜನರ ಕಣ್ಣು ತಪ್ಪಿಸಿ ಬಾಳಿದಳು. ಅಭಿಮಾನಿಗಳಿಗೆ ಸಹಿಯನ್ನೂ ಕೊಡುತ್ತಿರಲಿಲ್ಲ. ಆದ್ದರಿಂದಲೇ ಆಕೆಯ ಕೈಬರಹ ಅತಿ ವಿರಳ. ಆಕೆ ಮನಬಿಚ್ಚಿ ಬರೆದ ಕೆಲವೇ ಮಂದಿಯಲ್ಲಿ ಮರ್ಸಿಡಿಸ್ ದ ಅಕೋಸ್ಟಾ ಒಬ್ಬಳು. ಈಕೆ ಕವಯಿತ್ರಿ, ನಾಟಕಕಾರ್ತಿ, ಅಧ್ಯಾತ್ಮದ ಒಲವುಳ್ಳವಳು. 1938ರಲ್ಲಿ ಭಾರತಕ್ಕೆ ಬಂದು ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದರ್ಶನ ಪಡೆದು, ಅದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾಳೆ.

1960ರ ಹೊತ್ತಿಗೆ ಅಕೋಸ್ಟಾ ಕಾಯಿಲೆಯಿಂದಲೂ ಹಣದ ಮುಗ್ಗಟ್ಟಿನಿಂದಲೂ ಬಳಲಿದ್ದಳು. ಗಾರ್ಬೊ ತನಗೆ ಬರೆದ ಐವತ್ತಕ್ಕೂ ಹೆಚ್ಚು ಪತ್ರಗಳನ್ನು ಫಿಲಡೆಲ್ಫಿಯಾ ನಗರದ ರೋಸೆನ್‌ಬಾಕ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದಳು. ಹಳೆಯ ಪುಸ್ತಕ, ಹಸ್ತಪ್ರತಿಗಳ ವ್ಯಾಪಾರದಲ್ಲಿ ಹೆಸರು ಮಾಡಿದ ಇಬ್ಬರು ಸೋದರರ ಸಂಗ್ರಹದಿಂದ ಬೆಳೆದ ಸಂಸ್ಥೆ ಅದು. ಒಪ್ಪಿಸುವಾಗ ಆಕೆ ಹಾಕಿದ ಷರತ್ತು: ಗಾರ್ಬೊ ತೀರಿಕೊಂಡು ಹತ್ತು ವರ್ಷ ಕಳೆಯುವವರೆಗೆ ಇವುಗಳ ಮುದ್ರೆ ಒಡೆಯಕೂಡದು. ಅಕೋಸ್ಟಾ 1968ರಲ್ಲಿ ತೀರಿಕೊಂಡಳು. ಗಾರ್ಬೊ 1990ರ ಏಪ್ರಿಲ್ 15ರಂದು. ಸಂಸ್ಥೆ ಕಾದಿತು. ನಲವತ್ತು ವರ್ಷಗಳ ಮೇಲೆ, 2000ದ ಏಪ್ರಿಲ್‌ನಲ್ಲಿ ಕಟ್ಟು ಬಿಚ್ಚಿದಾಗ ಪತ್ರಿಕೆಗಳವರು ಉಸಿರು ಬಿಗಿಹಿಡಿದು ನಿಂತಿದ್ದರು. ಇಬ್ಬರ ನಡುವೆ ಪ್ರಣಯವಿತ್ತೇ ಎಂಬ ಕುತೂಹಲಕ್ಕೆ ಆ ಪತ್ರಗಳು ಸ್ಪಷ್ಟವಾದ ಉತ್ತರವನ್ನೇನೂ ಕೊಡಲಿಲ್ಲ. ಜನಕ್ಕೆ ನಿರಾಶೆಯಾಗಿರಬಹುದು. ನನಗಾದರೋ ಈ ಪ್ರಕರಣದಲ್ಲಿ ದೊಡ್ಡದಾಗಿ ಕಾಣುವುದು ಕಾದ ಆ ನಲವತ್ತು ವರ್ಷ. ಬಡತನದಲ್ಲಿಯೂ ಗೆಳತಿಯ ಗುಟ್ಟಿಗೆ ಬೀಗ ಹಾಕಿಯೇ ಕೊಟ್ಟವಳ ನಂಬಿಕೆಯನ್ನು ಸಂಸ್ಥೆಯೊಂದು ಉಳಿಸಿತು.

ಪತ್ರಕ್ಕೆ ಬೆಲೆ ಬಂದಲ್ಲಿ ಖೋಟಾ ಪತ್ರವೂ ಬರುತ್ತದೆ. ಹಾಲಿವುಡ್ಡಿನಲ್ಲಿ ಅಭಿಮಾನಿಗಳ ಕಾಗದಗಳಿಗೆ ನಟರ ಹೆಸರಿನಲ್ಲಿ ಕಾರ್ಯದರ್ಶಿಗಳೇ ಸಹಿ ಹಾಕಿ ಉತ್ತರಿಸುವುದು ವಾಡಿಕೆಯಾಗಿತ್ತು. 1937ರಲ್ಲಿ ಕಿರಿವಯಸ್ಸಿನಲ್ಲೇ ತೀರಿಕೊಂಡ ಜೀನ್ ಹಾರ್ಲೊ ಎಂಬ ತಾರೆಯ ಸಹಿಯೆಂದು ಜನ ಜೋಪಾನ ಮಾಡಿದ ಎಷ್ಟೋ ಚಿತ್ರಗಳ ಮೇಲಿರುವುದು ಆಕೆಯ ತಾಯಿಯ ಕೈಬರಹವೆಂಬುದು ಸಂಗ್ರಾಹಕರ ವಲಯದಲ್ಲಿ ಪ್ರಸಿದ್ಧ. ಅದು ಮೋಸವೆನ್ನುವುದಕ್ಕಿಂತ ಉದ್ಯಮದ ಅನುಕೂಲವೆನ್ನಬಹುದು. ನಿಜವಾದ ಮೋಸದ ಕಥೆ ಲೀ ಇಸ್ರೇಲ್ ಎಂಬ ಲೇಖಕಿಯದು.

ನ್ಯೂಯಾರ್ಕಿನ ಈ ಲೇಖಕಿ ನಟಿ ಟಲೂಲಾ ಬ್ಯಾಂಕ್‌ಹೆಡ್ ಮೊದಲಾದವರ ಜೀವನಚರಿತ್ರೆ ಬರೆದು ಹೆಸರು ಗಳಿಸಿದ್ದವಳು. 1985ರ ಪುಸ್ತಕ ಸೋತಮೇಲೆ ದಾರಿದ್ರ್ಯಕ್ಕೆ ಬಿದ್ದಳು. ಮೊದಲು ರಂಗಭೂಮಿಯ ಗ್ರಂಥಾಲಯದಿಂದ ಹಾಸ್ಯನಟಿ ಫ್ಯಾನಿ ಬ್ರೈಸಳ ಕೆಲವು ಪತ್ರಗಳನ್ನು ಕದ್ದು ಮಾರಿದಳು. ಪತ್ರದಲ್ಲಿ ಸ್ವಾರಸ್ಯವಿದ್ದಷ್ಟೂ ಬೆಲೆ ಹೆಚ್ಚೆಂಬುದು ತಿಳಿಯಿತು. ಆಮೇಲೆ ಹಳೆಯ ಬೆರಳಚ್ಚು ಯಂತ್ರಗಳನ್ನು ಕೊಂಡು, ಡೊರೊತಿ ಪಾರ್ಕರ್, ನೋಯೆಲ್ ಕವರ್ಡ್ ಮುಂತಾದವರ ಧಾಟಿಯಲ್ಲಿ ತಾನೇ ಪತ್ರ ರಚಿಸಿ, ಕೆಳಗೆ ಅವರ ಸಹಿಯನ್ನು ತಿದ್ದಿದಳು. ಇಂಥವು ನಾಲ್ಕುನೂರಕ್ಕೂ ಹೆಚ್ಚು. ಇಡೀ ಪತ್ರದ ಕೈಬರಹವನ್ನು ಅನುಕರಿಸುವುದು ಕಷ್ಟ. ಬೆರಳಚ್ಚಿಗೆ ಆ ತೊಡಕಿಲ್ಲ. ಸ್ವಂತ ಕೈಬರಹದ ಪತ್ರಕ್ಕೆ ಅಷ್ಟು ಬೆಲೆ ಏಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅವಳ ಮೇಲೆ ಸಂಶಯ ಮೊಳೆಯಲು ಕಾರಣಗಳಲ್ಲಿ ಒಂದು ಬಹಳ ಸೂಕ್ಷ್ಮವಾದದ್ದು: ಕವರ್ಡ್‌ನನ್ನು ಬಲ್ಲವರೊಬ್ಬರಿಗೆ ಆ ಪತ್ರಗಳಲ್ಲಿ ಆತ ತನ್ನ ಖಾಸಗಿ ಬಾಳಿನ ವಿಷಯದಲ್ಲಿ ಅತಿಯಾಗಿ ಬಾಯಿಬಿಟ್ಟಂತೆ ಕಂಡಿತು. ನಿಜವಾದ ಕವರ್ಡ್ ಹಾಗೆ ಬರೆಯುವವನಲ್ಲ. ಮನುಷ್ಯನ ಸಂಕೋಚವನ್ನು ಕದ್ದು ಬರೆಯಲು ಅವಳಿಂದಾಗಲಿಲ್ಲ.

1993ರಲ್ಲಿ ನ್ಯಾಯಾಲಯ ಅವಳಿಗೆ ಆರು ತಿಂಗಳ ಗೃಹಬಂಧನವನ್ನೂ ಐದು ವರ್ಷಗಳ ಮೇಲ್ವಿಚಾರಣೆಯನ್ನೂ ವಿಧಿಸಿತು. ಆದರೂ ಅವಳ ಕೈಚಳಕದ ಎರಡು ಪತ್ರಗಳು 2007ರಲ್ಲಿ ಹೊರಬಂದ ಕವರ್ಡ್‌ನ ಪತ್ರಸಂಪುಟದಲ್ಲಿ ಅಸಲಿಯೆಂಬಂತೆ ಸೇರಿಕೊಂಡವು. 2008ರಲ್ಲಿ ಅವಳೇ ತನ್ನ ಕಥೆಯನ್ನು ಪುಸ್ತಕವಾಗಿ ಬರೆದಳು. 2018ರಲ್ಲಿ ಅದು ಚಲನಚಿತ್ರವೂ ಆಯಿತು. ಹಣ ಕಳೆದುಕೊಂಡ ಕೊಳ್ಳುವವನ ನಷ್ಟ ಸಣ್ಣದು. ಸತ್ತವರ ಬಾಯಲ್ಲಿ ಆಡದ ಮಾತನ್ನು ಇಟ್ಟದ್ದರಿಂದ ಚರಿತ್ರೆಗೆ ಆದ ನಷ್ಟ ದೊಡ್ಡದು. ಅದಕ್ಕಾಗಿಯೇ ಬಲ್ಲ ಸಂಗ್ರಾಹಕರು ಪತ್ರದ ಮಾತಿಗೆ ಮರುಳಾಗುವ ಮುನ್ನ ಅದರ ಹಾದಿಯನ್ನು ಕೇಳುತ್ತಾರೆ: ಯಾರಿಗೆ ಬರೆದದ್ದು, ಅವರಿಂದ ಯಾರ ಕೈಗೆ ಬಂತು, ಲಕೋಟೆಯ ಮೇಲಿನ ಅಂಚೆಯ ಮುದ್ರೆ ಏನು ಹೇಳುತ್ತದೆ, ಕಾಗದವೂ ಮಸಿಯೂ ಆ ಕಾಲದವೇ. ಹಾದಿ ತಿಳಿಯದ ಪತ್ರ ತಂದೆತಾಯಿ ತಿಳಿಯದ ಕೂಸಿನಂತೆ. ಅದನ್ನು ಪ್ರೀತಿಸಬಹುದು, ಅದರ ವಂಶಾವಳಿ ಬರೆಯಲಾಗದು.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಪತ್ರದ ಬೆಲೆ ಅದು ಖಾಸಗಿಯಾಗಿದ್ದುದರಿಂದ ಬಂದದ್ದು. ಲೋಕ ಓದಲೆಂದು ಬರೆದಿದ್ದರೆ ಅದಕ್ಕೆ ಆ ಬೆಲೆಯಿಲ್ಲ. ಆದರೆ ಲೋಕ ಓದದೆ ಹೋದರೆ ಅದು ಉಳಿದೂ ಫಲವಿಲ್ಲ. ಈ ಇಕ್ಕಟ್ಟನ್ನು ಬಿಡಿಸಬಲ್ಲದ್ದು ಕಾಲವೊಂದೇ. ಸಂಗ್ರಾಹಕ ಆ ಕಾಲದ ಕಾವಲುಗಾರ. ಸುಟ್ಟುಬಿಡುವವರ ಕೈಯಿಂದ ಕಾಗದವನ್ನು ಉಳಿಸುವುದು ಅವನ ಮೊದಲ ಕರ್ತವ್ಯ. ನೋಯುವ ಜೀವಗಳು ಇರುವ ತನಕ ಬಾಯಿ ಮುಚ್ಚಿಕೊಂಡಿರುವುದು ಎರಡನೆಯದು. ಮೊದಲನೆಯದನ್ನು ಮಾತ್ರ ಮಾಡುವವನು ವ್ಯಾಪಾರಿ. ಎರಡನ್ನೂ ಮಾಡಬಲ್ಲವನು ಚರಿತ್ರೆಯ ಬಂಧು.

ನಮ್ಮಲ್ಲಿ ‘ಕಾಗದ’ ಎಂಬ ಪದಕ್ಕೇ ಪತ್ರವೆಂಬ ಅರ್ಥವುಂಟು. ಊರಿನಿಂದ ಕಾಗದ ಬಂತು ಎನ್ನುತ್ತಿದ್ದೆವು. ಓದಿದ ಕಾಗದವನ್ನು ನಡುಮನೆಯ ಗೋಡೆಯ ಕೊಕ್ಕೆತಂತಿಗೆ ಚುಚ್ಚಿಡುತ್ತಿದ್ದರು. ಸಾವಿನ ಸುದ್ದಿ ತಂದದ್ದನ್ನು ಮಾತ್ರ ಓದಿದೊಡನೆ ಹರಿದುಹಾಕುತ್ತಿದ್ದರು. ಯಾವುದನ್ನು ಇಡಬೇಕು, ಯಾವುದನ್ನು ಇಡಬಾರದೆಂಬ ಒಂದು ವಿವೇಕ ಆ ತಂತಿಯಲ್ಲಿತ್ತು. ಇಂದು ಕೈಬರಹದ ಕಾಗದವೇ ಅಪರೂಪವಾಗುತ್ತಿದೆ. ಆದ್ದರಿಂದ ಹಿಂದಿನ ತಲೆಮಾರಿನ ನಟರು, ಗಾಯಕರು, ನಾಟಕದ ಕಂಪೆನಿಗಳಲ್ಲಿ ದುಡಿದವರು ಬರೆದ ಒಂದು ಕಾರ್ಡಾದರೂ ತಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ, ಅದನ್ನು ರದ್ದಿಗೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ಯೋಚಿಸಿ. ಯಾರು, ಯಾರಿಗೆ, ಯಾವಾಗ ಬರೆದದ್ದೆಂದು ಬೇರೊಂದು ಚೀಟಿಯಲ್ಲಿ ಗುರುತು ಮಾಡಿ ಜೊತೆಗಿಡಿ. ಅದರಲ್ಲಿ ಯಾರಿಗಾದರೂ ನೋವಾಗುವ ಮಾತಿದ್ದರೆ, ಇಷ್ಟು ವರ್ಷ ತೆರೆಯಬಾರದೆಂದು ಲಕೋಟೆಯ ಮೇಲೆ ಬರೆದು, ನಂಬಿಕೆಯ ಗ್ರಂಥಾಲಯವೊಂದಕ್ಕೆ ಒಪ್ಪಿಸಿ. ಓದಬೇಕಾದವರು ಓದಬೇಕಾದ ಕಾಲಕ್ಕೆ ಬಂದೇ ಬರುತ್ತಾರೆ.

(ಬಾನುಲಿ ಭಾಷಣ)